ಆಫೀಸ್ ಅಪ್‌ಡೇಟೂ 11ನೇ ತಾರೀಕೂ

ಕಂಪ್ಯೂಟರ್‌ಗಳನ್ನೆಲ್ಲ ಹೆಡ್ ಆಫೀಸಿನಿಂದಲೇ ನೋಡಿಕೊಳ್ಳುವುದಕ್ಕೆ ನನ್ನ ವಿರೋಧ ಇಲ್ಲ. ತುಮಕೂರಿನ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಐಟಿ ನೋಡಿಕೊಳ್ಳುವವನು ನಾನು. ಪೆನ್‌ಡ್ರೈವ್ ಹಿಡಿದು ಟೇಬಲ್ ಟೇಬಲ್‌ಗೂ ಅಲೆಯುತ್ತಿದ್ದ ಕಾಲ ಮತ್ತೆ ಬರೋದು ಬೇಡವೇ ಬೇಡ. ಆದರೆ ಬೆಂಗಳೂರಿನ ಹೆಡ್ ಆಫೀಸಲ್ಲಿ ಕೂತು ಅಪ್‌ಡೇಟ್ ಬಟನ್ ಒತ್ತುವವರು ನಮ್ಮ ಅಕೌಂಟ್ಸ್‌ನವರ ಕ್ಯಾಲೆಂಡರನ್ನೂ ಒಮ್ಮೆ ನೋಡಲಿ.

ಎಕ್ಸೆಲ್, ವರ್ಡ್ ಎಲ್ಲ ಇರುವ ಮೈಕ್ರೋಸಾಫ್ಟ್ ಆಫೀಸ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬರೋದು ತಿಂಗಳ ಎರಡನೇ ಮಂಗಳವಾರ. ಅಮೆರಿಕದಲ್ಲಿ ಬೆಳಿಗ್ಗೆ, ನಮಗೆ ರಾತ್ರಿ. ಹಾಗಾಗಿ ನಮ್ಮ ಮೆಷಿನ್‌ಗಳಿಗೆ ಅದು ಇಳಿಯಲು ಶುರುವಾಗೋದು ಬುಧವಾರ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1ರ, ಅಂದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್‌ನ, ಕೊನೆ ದಿನ 11. 2026ರಲ್ಲಿ ಫೆಬ್ರವರಿ, ಮಾರ್ಚ್, ನವೆಂಬರ್ ಮೂರೂ ತಿಂಗಳಲ್ಲಿ ಆ ಬುಧವಾರ ಸರಿಯಾಗಿ 11ನೇ ತಾರೀಕೇ! ಅಪ್‌ಡೇಟ್‌ಗೆ ಡೆಡ್‌ಲೈನ್ ಬೇರೆ ಇಟ್ಟಿದ್ದರೆ ಮುಗೀತು. ಎಚ್ಚರಿಕೆ ತೋರಿಸಿ ತೋರಿಸಿ, ಕೊನೆಗೆ ತೆರೆದಿರುವ ಎಕ್ಸೆಲ್ಲನ್ನೇ ಮುಚ್ಚಿಬಿಡುತ್ತದೆ.

ಇನ್ನೊಂದು ತಲೆನೋವು ಆಫೀಸ್‌ನ ಎರಡು ಆವೃತ್ತಿ, 32 ಬಿಟ್, 64 ಬಿಟ್. ಮೆಷಿನ್‌ಗಳಿಗೆ ಆಫೀಸ್ ಹಾಕುವ ಡಿಪ್ಲಾಯ್‌ಮೆಂಟ್ ಟೂಲ್‌ನ ಸೆಟ್ಟಿಂಗ್ ಫೈಲಿನಲ್ಲಿ (ಎಕ್ಸ್‌ಎಂಎಲ್) ಇದು ಒಂದೇ ಒಂದು ಸಂಖ್ಯೆ. ಅದನ್ನು 64 ಮಾಡಿ ಹೊಸದಾಗಿ ಹಾಕಿದರೆ ಎಕ್ಸೆಲ್‌ಗೆ ಸೇರಿಸಿಕೊಂಡ 32 ಬಿಟ್‌ನ ಹಳೇ ಪುಟ್ಟ ಪ್ರೋಗ್ರಾಂಗಳು, ಅಂದರೆ ಆಡ್-ಇನ್‌ಗಳು, ಲೋಡ್ ಆಗೋದಿಲ್ಲ. ಯಾವತ್ತೋ ಕೆಲಸ ಬಿಟ್ಟುಹೋದ ಪುಣ್ಯಾತ್ಮ ಬರೆದಿಟ್ಟ ಮ್ಯಾಕ್ರೋದಲ್ಲಿ (ಎಕ್ಸೆಲ್ ಒಳಗಿನ ಪುಟ್ಟ ಕೋಡ್) ವಿಂಡೋಸ್ ಎಪಿಐ, ಅಂದರೆ ವಿಂಡೋಸ್‌ನದೇ ಫಂಕ್ಷನ್, ಕರೆದಿದ್ದರೆ, ಅಲ್ಲಿ 'ಪಿಟಿಆರ್‌ಸೇಫ್' (PtrSafe) ಅನ್ನೋ ಪದ ಸೇರಿಸುವ ತನಕ ಅದೂ ಓಡೋದಿಲ್ಲ. ಹೆಡ್ ಆಫೀಸಿನ ಹೊಸ ಲ್ಯಾಪ್‌ಟಾಪ್‌ನಲ್ಲಿ ಆ ಮ್ಯಾಕ್ರೋ ಇಲ್ಲ. ಹಾಗಾಗಿ ಅಲ್ಲಿ ಟೆಸ್ಟ್ ಯಾವಾಗಲೂ ಪಾಸ್.

ಆಮೇಲೆ ಫೋನ್ ಬರೋದು ನನಗೆ. "ಸರ್, ಎಕ್ಸೆಲ್ ಹೋಗ್ಬಿಟ್ಟಿದೆ, ಸ್ವಲ್ಪ ಬನ್ನಿ." ಹೋದವನೇ ಕಂಟ್ರೋಲ್ ಕೀ ಒತ್ತಿ ಹಿಡಿದು ಎಕ್ಸೆಲ್ ತೆರೆಯುತ್ತೇನೆ. ಹಾಗೆ ತೆರೆದರೆ ಆಡ್-ಇನ್ ಇಲ್ಲದ ಸೇಫ್ ಮೋಡ್; ಅದರಲ್ಲಿ ಸರಿಯಾಗಿ ಬಂದರೆ ಹೆಚ್ಚಾಗಿ ಆಡ್-ಇನ್ನೇ ಕಳ್ಳ. ಬರದಿದ್ದರೆ ಆಫೀಸ್‌ನದೇ ಕ್ವಿಕ್ ರಿಪೇರ್, ಇದಕ್ಕೆ ನೆಟ್ ಬೇಡ. ಅದಕ್ಕೂ ಬಗ್ಗದಿದ್ದರೆ ಆನ್‌ಲೈನ್ ರಿಪೇರ್. ಅದು ಇಡೀ ಆಫೀಸ್ ಸಾಫ್ಟ್‌ವೇರನ್ನೇ ನೆಟ್‌ನಿಂದ ಮತ್ತೆ ಇಳಿಸಿಕೊಳ್ಳುತ್ತದೆ. ಇದಕ್ಕೆಲ್ಲ ಬೇಕಾದ ಅಡ್ಮಿನ್ ಪಾಸ್‌ವರ್ಡ್ ಮಾತ್ರ ಬೆಂಗಳೂರಿನಲ್ಲಿ! ಟಿಕೆಟ್, ಅಂದರೆ ಅವರಿಗೆ ಆನ್‌ಲೈನ್ ದೂರು, ಹಾಕಿ ಕಾಯಬೇಕು. ಟಿಕೆಟ್ ಜೊತೆಗೆ ವಿಂಡೋಸ್‌ನ ಟೆಂಪ್ ಫೋಲ್ಡರಿನಲ್ಲಿರುವ, ಮೆಷಿನ್ ಹೆಸರಿನಿಂದ ಶುರುವಾಗುವ ಲಾಗ್ ಫೈಲನ್ನೂ ಕಳಿಸಿ. ಸುಮ್ನೆ ಸ್ಕ್ರೀನ್‌ಶಾಟ್ ಕಳಿಸಿದರೆ "ರೀಸ್ಟಾರ್ಟ್ ಮಾಡಿ ನೋಡಿ" ಅನ್ನೋ ಉತ್ತರ ಗ್ಯಾರಂಟಿ.

ಸೆಕ್ಯುರಿಟಿ ಅಪ್‌ಡೇಟನ್ನು ತಿಂಗಳುಗಟ್ಟಲೆ ಮುಂದೆ ಹಾಕೋದು ತಪ್ಪು, ಅದು ನನಗೂ ಗೊತ್ತು. ಎರಡು ಮೂರು ದಿನ ಸಾಕು. ಅಪ್‌ಡೇಟನ್ನು ಮೊದಲು ಹಾಕಿ ನೋಡುವ ಪೈಲಟ್ ಗ್ರೂಪಿನಲ್ಲಿ ಐಟಿಯವರ ಲ್ಯಾಪ್‌ಟಾಪ್‌ಗಳನ್ನೇ ತುಂಬಿಸುವ ಬದಲು ನಮ್ಮ ಅಕೌಂಟ್ಸ್‌ನ ಅತಿ ಹಳೇ ಮೆಷಿನ್ ಒಂದು, ಸ್ಟೋರ್ಸ್‌ನದು ಒಂದು ಸೇರಿಸಿ. ಅಲ್ಲಿ ಓಡಿದರೆ ಎಲ್ಲ ಕಡೆ ಓಡುತ್ತೆ, ಅಲ್ವಾ? 11ಕ್ಕೂ, ಇನ್ನೊಂದು ಜಿಎಸ್‌ಟಿ ರಿಟರ್ನ್ 3ಬಿ ಹಾಕುವ 20ಕ್ಕೂ ಡೆಡ್‌ಲೈನ್ ತಾಗದಿದ್ದರೆ ಆಯಿತು. ಇದನ್ನೇ ಹೆಡ್ ಆಫೀಸಿಗೆ ಮೇಲ್ ಮಾಡಿದ್ದೇನೆ. "ನೋಟೆಡ್" ಅಂತ ಉತ್ತರ ಬಂದಿದೆ.

ಹಿರೇಹಳ್ಳಿ, ಅಂತರಸನಹಳ್ಳಿ ಕಡೆ ಐಟಿ ನೋಡಿಕೊಳ್ಳುವ ಗೆಳೆಯರೇ, ನಿಮ್ಮಲ್ಲಿ ಪೈಲಟ್ ಗ್ರೂಪಿಗೆ ಯಾರ ಮೆಷಿನ್ ಹಾಕಿದ್ದಾರೆ? ಕಾಮೆಂಟ್‌ನಲ್ಲಿ ಹೇಳಿ, ಮುಂದಿನ ಮೇಲ್‌ನಲ್ಲಿ ಸೇರಿಸುತ್ತೇನೆ.