ಒಂದು ‘ಆನ್’ ಹಿಡಿತಕ್ಕೆ ಸಿಕ್ಕರೆ ಅರ್ಧ ಪಟ್ಟಿ ಬೇಡ

ನಮ್ಮ ಮಕ್ಕಳಿಗೆ ಇಂಗ್ಲಿಷಿನ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿದ ಜೋಡಿ) ಕಲಿಸುವ ರೀತಿ ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಗೈಡ್ ತೆಗೆದರೆ ಉದ್ದದ ಪಟ್ಟಿ. ಎಡಗಡೆ ಪದ, ಬಲಗಡೆ ಅರ್ಥ. ‘ಕ್ಯಾರಿ ಆನ್’ ಅಂದ್ರೆ ಕಂಟಿನ್ಯೂ. ‘ಗೋ ಆನ್’ ಅಂದ್ರೆ ಕಂಟಿನ್ಯೂ. ‘ಕೀಪ್ ಆನ್’ ಅಂದ್ರೂ ಕಂಟಿನ್ಯೂ. ಎಲ್ಲದಕ್ಕೂ ಅರ್ಥ ಒಂದೇ ಆದರೆ ಇಷ್ಟೊಂದು ಯಾಕೆ ಬೇಕು ಅಂತ ಹುಡುಗರು ಕೇಳುವುದು ನ್ಯಾಯವೇ ಅಲ್ವಾ? ನಾವು ಉತ್ತರ ಕೊಡದೆ ಬಾಯಿಪಾಠ ಮಾಡಿಸುತ್ತೇವೆ. ಪರೀಕ್ಷೆ ಮುಗಿದ ಮೇಲೆ ಅವರ ಕೈಯಲ್ಲಿ ಉಳಿಯುವುದು ಕಂಟಿನ್ಯೂ ಒಂದೇ.

ಇದು ಹಳೆಯ ತೊಡಕು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದಾಗ ಮುನ್ನುಡಿಯಲ್ಲೇ ಇದರ ಮಾತೆತ್ತಿದ್ದ. ಕ್ರಿಯಾಪದದ ಜೊತೆಗೆ ಒಂದು ಚಿಕ್ಕ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿ ಹೊರಗಿನವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ ಅಂತ.

ನಾನು ಹೇಳುವುದು ಇಷ್ಟೇ. ಪಟ್ಟಿ ಬಿಡಿ, ಆ ಚಿಕ್ಕ ಪದ ಹಿಡಿಯಿರಿ. ನಿಲ್ಲಬಹುದಾಗಿದ್ದ ಜಾಗದಲ್ಲಿ ನಿಲ್ಲದೆ ಮುಂದುವರಿಯುವುದನ್ನು ಇಂಗ್ಲಿಷಿನಲ್ಲಿ ಹೆಚ್ಚಾಗಿ ಹೇಳುವುದು ‘ಆನ್’. ಕ್ರಿಕೆಟ್ ನೋಡುವ ಹುಡುಗರಿಗೆ ಇದು ತಕ್ಷಣ ಹೊಳೆಯುತ್ತದೆ. ಕ್ಯಾಪ್ಟನ್ ಡಿಕ್ಲೇರ್ ಮಾಡಬಹುದಿತ್ತು, ಮಾಡಲಿಲ್ಲ. ‘ದೆ ಬ್ಯಾಟೆಡ್ ಆನ್.’

2002ರ ಆಂಟಿಗಾ ಟೆಸ್ಟ್ ನೆನಪಿಸಿಕೊಳ್ಳಿ. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ನಮ್ಮ ಅನಿಲ್ ಕುಂಬ್ಳೆ ಅವರ ದವಡೆ ಮುರಿಯಿತು. ಅವರು ತಲೆಗೂ ದವಡೆಗೂ ಬ್ಯಾಂಡೇಜ್ ಸುತ್ತಿಸಿಕೊಂಡು ಮೈದಾನಕ್ಕೆ ಬಂದರು. ಸತತ 14 ಓವರ್ ಹಾಕಿದರು. ಲಾರಾ ವಿಕೆಟ್ಟನ್ನೂ ತೆಗೆದರು. ಇದನ್ನು ‘ಹಿ ಕಂಟಿನ್ಯೂಡ್ ಟು ಬೌಲ್’ ಅಂತ ಬರೆದರೆ ತಪ್ಪೇನಿಲ್ಲ, ಆದರೆ ಸಪ್ಪೆ. ‘ಹಿ ಬೌಲ್ಡ್ ಆನ್’ ಅನ್ನಿ. ನಿಲ್ಲಿಸಲು ಕಾರಣವಿತ್ತು, ನಿಲ್ಲಿಸಲಿಲ್ಲ ಅನ್ನುವುದು ಆ ಒಂದು ಪದದಲ್ಲೇ ಬಂತು.

ಇಷ್ಟು ತಿಳಿದರೆ ಉಳಿದವುಗಳ ವ್ಯತ್ಯಾಸ ಬರೀ ಕ್ರಿಯಾಪದದಲ್ಲಿದೆ. ಎನ್‌ಸಿಸಿ ಪರೇಡಿನಲ್ಲಿ ಅಧಿಕಾರಿ ಬಂದಾಗ ನಡೆಯುತ್ತಿದ್ದ ಕೆಲಸ ನಿಲ್ಲುತ್ತದೆ. ಸೆಲ್ಯೂಟ್ ಆಗುತ್ತದೆ. ‘ಕ್ಯಾರಿ ಆನ್’ ಅಂದ ಮೇಲೆ ಅದೇ ಕೆಲಸ ಬಿಟ್ಟ ಜಾಗದಿಂದ ಮತ್ತೆ ಶುರು. ಹಾಗಾಗಿ ಕ್ಯಾರಿ ಆನ್‌ನ ಹಿಂದೆ ಎಷ್ಟೋ ಸಲ ಒಂದು ಅಡ್ಡಿ ಇರುತ್ತದೆ. ‘ಡ್ರ್ಯಾಗ್ ಆನ್’ ಬೇರೆ. ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ, ಅಂತಿಮ ತೀರ್ಪು ಕೊಟ್ಟದ್ದು 2007ರಲ್ಲಿ, ಅದರ ಮೇಲಿನ ಮೇಲ್ಮನವಿಗಳಿಗೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2018ರಲ್ಲಿ. ಅದು ‘ಡ್ರ್ಯಾಗ್ಡ್ ಆನ್’. ಕೇಸು ಎಳೀತಾನೇ ಇದೆ ಅಂತ ನಾವೂ ಹೇಳುತ್ತೇವಲ್ಲ, ಅದೇ ಎಳೆಯುವುದು, ಅದೇ ಬೇಸರ. ‘ವೇರ್ ಆನ್’ ನಿಧಾನವಾಗಿ ಕಳೆಯುವ ಹೊತ್ತಿಗೆ. ‘ಲಿಂಗರ್ ಆನ್’ ಜ್ವರ ಬಿಟ್ಟರೂ ಬಿಡದ ಕೆಮ್ಮಿಗೆ.

ನನಗೆ ಇದಕ್ಕಿಂತ ಜಾಸ್ತಿ ಬೇಜಾರಾಗುವುದು ಬೇರೊಂದಕ್ಕೆ. ಇದನ್ನೆಲ್ಲ ಕಲಿಸುವಾಗ ಕನ್ನಡವನ್ನು ಕ್ಲಾಸಿನ ಹೊರಗೆ ನಿಲ್ಲಿಸುತ್ತಾರೆ. ಸಾಗುವ ಕಾಲವನ್ನು ಹೇಳುವುದರಲ್ಲಿ ನಮ್ಮ ಭಾಷೆ ಎಷ್ಟು ಸೂಕ್ಷ್ಮ ಅಂತ ಒಮ್ಮೆ ಗಮನಿಸಿ. ‘ಕೇಳ್ತಾ ಇದ್ದಾನೆ’, ‘ಕೇಳ್ತಾನೇ ಇದ್ದಾನೆ’. ನಡುವೆ ಬಂದದ್ದು ಒಂದು ಏಕಾರ ಮಾತ್ರ. ಎರಡನೆಯದರಲ್ಲಿ ಕೇಳಿಸಿಕೊಳ್ಳುವವರ ತಾಳ್ಮೆ ಮುಗಿದಿದೆ! ಇಂಗ್ಲಿಷಿನವರು ಅದಕ್ಕೇ ‘ಹಿ ಕೀಪ್ಸ್ ಆನ್ ಆಸ್ಕಿಂಗ್’ ಅನ್ನುವುದು. ಈ ಏಕಾರವನ್ನು ಮನೆಯಲ್ಲಿ ದಿನವೂ ಬಳಸುವ ಮಗುವಿಗೆ ಕೀಪ್ ಆನ್ ಯಾಕೆ ಕಷ್ಟವಾಗಬೇಕು?

ಇನ್ನೊಂದು ನೋಡಿ. ‘ಈ ಜಾತ್ರೆ ತಾತನ ಕಾಲದಿಂದ ನಡೆದುಕೊಂಡು ಬಂದಿದೆ. ಮುಂದೆಯೂ ನಡೆಸಿಕೊಂಡು ಹೋಗಬೇಕು.’ ಹಿಂದಿನಿಂದ ಇಲ್ಲಿಯವರೆಗೆ ಆದರೆ ‘ಬಾ’, ಇಲ್ಲಿಂದ ಮುಂದಕ್ಕೆ ಆದರೆ ‘ಹೋಗು’. ಕಾಲ ಎಲ್ಲಿಂದ ಎಲ್ಲಿಗೆ ಅನ್ನುವುದು ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಿನ ‘ಆನ್’ ಒಂದರಿಂದಲೇ ಅದು ಆಗುವುದಿಲ್ಲ. ಹಿಂದಿನಿಂದ ಬಂದದ್ದಕ್ಕೆ ‘ಹ್ಯಾಸ್ ಬೀನ್ ಗೋಯಿಂಗ್ ಆನ್’ ಅಂತ ಹ್ಯಾಸ್ ಬೀನ್ ಕೂಡ ಬರಬೇಕು. ನಮ್ಮವರು ‘ಈಸ್ ಗೋಯಿಂಗ್ ಆನ್ ಸಿನ್ಸ್ ಜೂನ್’ ಅಂತ ಬರೆದು ಕೆಂಪು ಗೆರೆ ಎಳೆಸಿಕೊಳ್ಳುವುದು ಇಲ್ಲೇ. ‘ನಡೆಯುತ್ತಿದೆ’ ಬರೆದರು, ‘ಬಂದಿದೆ’ ಬಿಟ್ಟರು. ಸುಮ್ನೆ ಗೆರೆ ಎಳೆಯುವ ಬದಲು ಈ ‘ಬಂದಿದೆ’ಯನ್ನು ತೋರಿಸಿದರೆ ಆ ತಪ್ಪು ಮತ್ತೆ ಬರುವುದು ತುಂಬ ಕಡಿಮೆ.

ಕನ್ನಡ ನೆರವಿಗೆ ಬರದ ಕಡೆಗಳೂ ಇವೆ. ‘ಶಿ ವೆಂಟ್ ಆನ್ ಟಾಕಿಂಗ್’ ಅಂದರೆ ಮಾತಾಡುತ್ತಲೇ ಇದ್ದಳು. ‘ಶಿ ವೆಂಟ್ ಆನ್ ಟು ಟಾಕ್’ ಅಂದರೆ ಬೇರೇನೋ ಮುಗಿಸಿ ಆಮೇಲೆ ಮಾತಿಗೆ ಬಂದಳು. ಇದನ್ನು ಬಿಡಿಸಿ ಹೇಳಲೇಬೇಕು. ಉಚ್ಚಾರಣೆಯೂ ಅಷ್ಟೇ. ಇಂಗ್ಲಿಷಿನಲ್ಲಿ ಇಂಥ ಕಡೆ ಸಾಮಾನ್ಯವಾಗಿ ಒತ್ತು ಬೀಳುವುದು ‘ಆನ್’ ಮೇಲೆ. ನಾವು ‘ಕ್ಯಾರಿ’ಯನ್ನು ಜೋರಾಗಿ ಹೇಳಿ ಆನ್ ನುಂಗಿಬಿಡುತ್ತೇವೆ.

ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ. ‘ಅರ್ಥ ಬರೆಯಿರಿ’ ಅನ್ನುವ ಪ್ರಶ್ನೆ ಬಿಟ್ಟುಬಿಡಿ. ಸನ್ನಿವೇಶ ಕೊಡಿ. ಕರೆಂಟು ಹೋಗಿ ಬಂತು, ಪಾಠ ಮತ್ತೆ ಶುರುವಾಯಿತು. ಗ್ರಾಮಸಭೆ ಸಂಜೆಯವರೆಗೆ ಎಳೆಯಿತು. ಪಕ್ಕದ ಮನೆಯವರು ರಾತ್ರಿಯಿಡೀ ಬಾಗಿಲು ಬಡಿಯುತ್ತಲೇ ಇದ್ದರು. ಯಾವುದಕ್ಕೆ ಯಾವ ಪದ ಅಂತ ಕೇಳಿ. ಯಾಕೆ ಅಂತ ಕನ್ನಡದಲ್ಲಿ ಬರೆದರೂ ಅದಕ್ಕೊಂದು ಮಾರ್ಕು ಕೊಡಿ.