ಜಲ್ಲಿ ಆಮೇಲೆ, ಮೊದಲು ಚರಂಡಿ

ಊರ ಮನೆಯ ದಾರಿಗೆ ಜಲ್ಲಿ ಹಾಕಿಸುತ್ತೇನೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ. ಚರಂಡಿ ತೆಗೆಸಿದ್ದೀರಾ? ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. "ಅದು ಆಮೇಲೆ ನೋಡಿದ್ರಾಯ್ತು, ಈಗ ಟಿಪ್ಪರ್ ಸಿಕ್ಕಿದೆ" ಅನ್ನುತ್ತಾರೆ. ಸರಿ, ಹಾಗಾದರೆ ಮುಂದಿನ ವರ್ಷಕ್ಕೂ ಒಂದು ಟಿಪ್ಪರ್ ಹೇಳಿಟ್ಟುಕೊಳ್ಳಿ ಅಂತ ನನಗೆ ಬಾಯಿತನಕ ಬರುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಇಂಥ ಕಡೆ ಟಾರು ರಸ್ತೆಯಿಂದ ಅಂಗಳದವರೆಗಿನ ಇನ್ನೂರು ಅಡಿ ದಾರಿಯೇ ಮನೆಯ ದೊಡ್ಡ ತಲೆನೋವು. ಮೊದಲು ಯಾರೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಉಣುಗೋಲು ಸರಿಸಿ, ಕೊಡೆ ಹಿಡಿದು ನಡೆದು ಬರುತ್ತಿದ್ದರು. ಈಗ ಮಕ್ಕಳು ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಾರೆ. ಗ್ಯಾಸಿನ ಗಾಡಿ ಬರಬೇಕು, ಅಡಿಕೆ ಮೂಟೆ ಹೋಗಬೇಕು, ರಾತ್ರಿ ಅಜ್ಜನಿಗೆ ಎದೆನೋವು ಬಂದರೆ ಆಂಬುಲೆನ್ಸ್ ಅಂಗಳಕ್ಕೇ ಬರಬೇಕು. ದಾರಿ ಬೇಕೇ ಬೇಕು. ಅದರ ಬಗ್ಗೆ ತಕರಾರಿಲ್ಲ.

ನನ್ನ ತಕರಾರು ಇರುವುದು ದುಡ್ಡನ್ನು ಎಲ್ಲಿ ಸುರಿಯುತ್ತೇವೆ ಅನ್ನುವುದರ ಬಗ್ಗೆ. ಕಲ್ಲು ಭಾರ ಹೊರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ನಿಜವಾಗಿ ಭಾರ ಹೊರುವುದು ಅಡಿಯ ಮಣ್ಣು. ಇದು ನನ್ನ ಸ್ವಂತ ತತ್ವ ಏನಲ್ಲ. ಸ್ಕಾಟ್ಲೆಂಡಿನ ಜಾನ್ ಮೆಕಾಡಂ ಇನ್ನೂರು ವರ್ಷದ ಹಿಂದೆಯೇ ಹೇಳಿದ್ದು. ಒಣಗಿದ್ದರೆ ನೆಲ ಎಷ್ಟು ಭಾರವನ್ನಾದರೂ ತಡೆಯುತ್ತದೆ, ಆದ್ದರಿಂದ ರಸ್ತೆಯನ್ನು ಸುತ್ತಲಿನ ನೆಲಕ್ಕಿಂತ ಎತ್ತರ ಮಾಡಿ, ಬದಿಗೆ ಚರಂಡಿ ಕೊಡಿ, ಮೇಲೆ ಒಡೆದ ಸಣ್ಣ ಕಲ್ಲು ಹಾಸಿ ಅಂತ. ಒಂದು ಕಲ್ಲು ಆರು ಔನ್ಸಿಗಿಂತ, ಅಂದರೆ ಸುಮಾರು 170 ಗ್ರಾಮಿಗಿಂತ, ಜಾಸ್ತಿ ತೂಗಬಾರದು ಅನ್ನುವುದು ಅವನ ಹಟ. ಅದೇ ಕಾಲದ ಥಾಮಸ್ ಟೆಲ್‌ಫರ್ಡ್ ಅಡಿಗೆ ದೊಡ್ಡ ಕಲ್ಲಿನ ಪಾಯ ಹಾಕಿಸುತ್ತಿದ್ದ. ಅದಕ್ಕೆ ಖರ್ಚು ಜಾಸ್ತಿ. ಕೊನೆಗೆ ಹೆಚ್ಚು ಕಡೆ ಗೆದ್ದಿದ್ದು ಮೆಕಾಡಂ. ನಮ್ಮ ಪಿಡಬ್ಲ್ಯುಡಿ ಎಸ್ಟಿಮೇಟುಗಳಲ್ಲಿ ಜಲ್ಲಿಗೆ ಪುಡಿ, ನೀರು ಸೇರಿಸಿ ಕೂರಿಸುವ ಕೆಲಸಕ್ಕೆ ವಾಟರ್ ಬೌಂಡ್ ಮೆಕಾಡಂ ಅಂತ ಅವನ ಹೆಸರು ಈಗಲೂ ಇದೆ.

ನಮ್ಮ ಚಿಕ್ಕಪ್ಪನ ಮನೆ ದಾರಿ ಮಾಡುವಾಗ ಇದನ್ನೇ ಇನ್ನೂ ಚೆನ್ನಾಗಿ ಹೇಳಿದವನು ಜೆಸಿಬಿ ಓಡಿಸುವ ಹುಡುಗ. ದಾರಿಯ ಒಂದು ಬದಿ ಧರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ, ಇನ್ನೊಂದು ಬದಿ ತೋಟದ ಇಳಿಜಾರು. ಅವನು ಬಂದವನೇ ಗಾಡಿ ಆಫ್ ಮಾಡಿ ಕೇಳಿದ.

"ಗೌಡ್ರೆ, ಆ ಧರೆ ನೀರು ಎಲ್ಲಿಗೆ ಹೋಗ್ತದೆ?"

"ಎಲ್ಲಿಗೆ ಹೋಗ್ತದೆ ಮಾರಾಯ, ತಗ್ಗಿದ್ದಲ್ಲಿ ಹೋಗ್ತದೆ."

"ತಗ್ಗು ಇರೋದು ನಿಮ್ಮ ದಾರಿಯಲ್ಲೇ ಅಲ್ದಾ?"

ಚಿಕ್ಕಪ್ಪ ಎಲೆಅಡಿಕೆ ಉಗಿದು ಬಂದು, "ಹಾಗಾದ್ರೆ ಮೊದ್ಲು ಅದನ್ನೇ ಮಾಡು" ಅಂದರು. ಧರೆಯ ಬುಡಕ್ಕೆ ಒಂದಡಿಗೂ ಆಳದ ಚರಂಡಿ ಬಂತು. ಚರಂಡಿಯ ತಳ ಜಲ್ಲಿಯ ತಳಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಅದು ಚರಂಡಿಯೇ ಅಲ್ಲ, ದಾರಿಯ ಅಡಿಗೆ ನೀರು ಕುಡಿಸುವ ಕಾಲುವೆ. ನೀರು ದಾರಿ ದಾಟುವ ಕಡೆ ಒಂದೂವರೆ ಅಡಿ ಸಿಮೆಂಟ್ ಪೈಪು ಹಾಕಿ ಮೋರಿ ಮಾಡಿದರು. ಅರ್ಧ ಅಡಿ ಪೈಪು ಸಾಕು ಅನ್ನುವವರು ಮಳೆಗಾಲದಲ್ಲಿ ಹಲಸಿನ ಎಲೆ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ನೋಡಿದವರಲ್ಲ.

ಆಮೇಲೆ ಮೇಲ್ಮಣ್ಣು. ಬೇರು, ಕೊಳೆತ ಎಲೆ ಸೇರಿದ ಮೆತ್ತನೆಯ ಮಣ್ಣನ್ನು ಅರ್ಧ ಅಡಿಯಾದರೂ ಕೆರೆದು ತೆಗೆಯಬೇಕು. ಅದು ತೋಟಕ್ಕೆ ಚಿನ್ನ, ದಾರಿಗೆ ಶತ್ರು. ಕೆರೆಯದೆ ಹಾಗೆಯೇ ಜಲ್ಲಿ ಸುರಿದರೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಪಾಯಸಕ್ಕೆ ಹಾಕಿದ ದ್ರಾಕ್ಷಿಯ ಹಾಗೆ ಒಂದೊಂದಾಗಿ ತಳ ಸೇರುತ್ತದೆ. "ಎರಡು ಲೋಡ್ ಹಾಕಿಸಿದ್ದೆ, ಎಲ್ಲಿ ಹೋಯ್ತೋ ಗೊತ್ತಿಲ್ಲ" ಅಂತ ಹೇಳುವವರ ಜಲ್ಲಿ ಎಲ್ಲೂ ಹೋಗಿಲ್ಲ, ಅಲ್ಲೇ ಕೆಳಗಿದೆ. ನಮ್ಮ ಜಂಬಿಟ್ಟಿಗೆ ನೆಲ ಇದ್ದುದರಲ್ಲಿ ವಾಸಿ. ಉತ್ತರದ ಎರೆ ಮಣ್ಣಿನ ಕಡೆಯವರಿಗೆ ಕಷ್ಟ ಜಾಸ್ತಿ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಮೊದಲು ಗರಸು, ಅಂದರೆ ಒರಟು ಕಲ್ಲುಮಣ್ಣು, ಹಾಕಿ ಗುದ್ದಿ ದಮ್ಮಾಸು ಮಾಡಿಯೇ ಮುಂದುವರಿಯಬೇಕು. ಮಣ್ಣಿಗೂ ಕಲ್ಲಿಗೂ ನಡುವೆ ಹಾಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸಿಕ್ಕಿದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ಕಲ್ಲಿನ ಮಾತು. ಅಡಿಗೆ 40 ಎಂಎಂ ಜಲ್ಲಿ ನಾಲ್ಕಿಂಚು, ಮೇಲೆ ಪುಡಿಯೂ ಸಣ್ಣ ಜಲ್ಲಿಯೂ ಸೇರಿದ ವೆಟ್ ಮಿಕ್ಸ್ ಎರಡರಿಂದ ಮೂರಿಂಚು. ಮನೆ ಕಾರಿಗೆ, ಆಗೊಮ್ಮೆ ಈಗೊಮ್ಮೆ ಬರುವ ಪಿಕಪ್ಪಿಗೆ ಇದು ಸಾಕು. ಹೊಳೆಯ ಗುಂಡುಕಲ್ಲು ಬೇಡ. ದುಂಡಗಿನ ಕಲ್ಲು ಒಂದರ ಮೇಲೊಂದು ಉರುಳುತ್ತದೆ. ಕ್ರಷರ್ ಕಲ್ಲಿಗೆ ಮೂಲೆಗಳಿವೆ, ಅವು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಕೆಲವು ಹೋಂಸ್ಟೇಗಳ ಮುಂದೆ ಬರೀ 20 ಎಂಎಂ ಜಲ್ಲಿಯನ್ನು ಸಡಿಲವಾಗಿ ಹರಡಿರುತ್ತಾರಲ್ಲ, ಫೋಟೋಕ್ಕೆ ಚಂದ. ಸ್ಕೂಟರಿನವರು ಜಾರುತ್ತಾರೆ, ಬರಿಗಾಲಿನ ಅಜ್ಜಿ ಶಾಪ ಹಾಕುತ್ತಾರೆ. ಮೇಲಿನ ಪದರಕ್ಕೆ ಪುಡಿ ಬೇಕೇ ಬೇಕು.

ಪುಡಿ ಅಂದರೆ ಕಲ್ಲಿನ ಪುಡಿ, ಮಣ್ಣಲ್ಲ. ಒಂದು ಕಡೆಯಿಂದ ಬಂದ ಲೋಡಿನಲ್ಲಿ ಅರ್ಧಕ್ಕರ್ಧ ಗಣಿಯ ಮೇಲಿನ ಕೆಂಪು ಮಣ್ಣೇ ಇತ್ತು. ಟಿಪ್ಪರ್ ಎತ್ತುವ ಮೊದಲು ಒಂದು ಮುಷ್ಟಿ ತೆಗೆದು ನೀರು ಚಿಮುಕಿಸಿ ಉಜ್ಜಿ ನೋಡಿ. ಕಲ್ಲಿನ ಪುಡಿ ಅಂಗೈಯಲ್ಲಿ ತರಿತರಿ ಅನ್ನುತ್ತದೆ, ಬೂದುಬಣ್ಣದ ನೀರು ಬಿಡುತ್ತದೆ. ಮಣ್ಣು ಜಿಗುಟಾಗಿ ಬೆರಳಿನ ಸಂದಿಯಲ್ಲಿ ಕೂರುತ್ತದೆ. ಇದಕ್ಕೆ ಲ್ಯಾಬ್ ಏನೂ ಬೇಡ.

ಅಳತೆಯಲ್ಲೂ ನಾಚಿಕೆ ಬೇಡ. ಒಂದು ಯೂನಿಟ್ ಅಂದರೆ 100 ಘನ ಅಡಿ. ಇನ್ನೂರು ಅಡಿ ಉದ್ದ, ಹತ್ತಡಿ ಅಗಲ, ಅರ್ಧ ಅಡಿ ದಪ್ಪಕ್ಕೆ 1000 ಘನ ಅಡಿ, ಅಂದರೆ ಹತ್ತು ಯೂನಿಟ್. ರೋಲರ್ ಹೊಡೆದಾಗ ತಗ್ಗುವುದಕ್ಕೆ ಇನ್ನೆರಡು ಸೇರಿಸಿ. ಟಿಪ್ಪರಿನ ಡಬ್ಬಿಗೆ ಟೇಪು ಹಿಡಿಯಿರಿ. ಒಳಗೆ 14 ಅಡಿ ಉದ್ದ, 7 ಅಡಿ ಅಗಲ, 3 ಅಡಿ ಎತ್ತರ ಇದ್ದರೆ ಅದರಲ್ಲಿ ಮೂರು ಯೂನಿಟ್ಟಿಗಿಂತ ಒಂಚೂರು ಕಡಿಮೆ ಹಿಡಿಯುತ್ತದೆ. ನಾಲ್ಕು ಅಂತ ಹೇಳಿದರೆ ನಕ್ಕುಬಿಡಿ.

ದುಡ್ಡು ಉಳಿಸಲು ಹೋಗಿ ಜನ ಬಿಟ್ಟುಬಿಡುವ ಇನ್ನೊಂದು ಕೆಲಸ ರೋಲರ್. "ಟಿಪ್ಪರ್ ಓಡಾಡಿದ್ರೆ ತಾನೇ ಕೂತ್ಕೊಳ್ತದೆ" ಅನ್ನುವುದು ಸುಳ್ಳು. ಚಕ್ರ ಓಡಿದ ಕಡೆ ಮಾತ್ರ ಕೂರುತ್ತದೆ. ಅಲ್ಲಿ ಎರಡು ಗಾಡಿಜಾಡು ಬಿದ್ದು, ಅದೇ ಜಾಡಿನಲ್ಲಿ ನೀರು ಹರಿಯುತ್ತದೆ. ಒಂದು ಪದರ ಹಾಕಿ ಒಮ್ಮೆ, ಇನ್ನೊಂದು ಪದರ ಹಾಕಿ ಮತ್ತೊಮ್ಮೆ ರೋಲರ್ ಹೊಡೆಯಬೇಕು. ವೆಟ್ ಮಿಕ್ಸ್‌ಗೆ ನೀರಿನ ಹದ ಮುಖ್ಯ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಇಷ್ಟು ಸಣ್ಣ ಕೆಲಸಕ್ಕೆ ರೋಲರಿನವರು ದೂರದಿಂದ ಬರುವುದಿಲ್ಲ, ಬಂದರೂ ಬಾಡಿಗೆ ಕೈ ಸುಡುತ್ತದೆ. ಊರಿನಲ್ಲಿ ಯಾವುದಾದರೂ ರಸ್ತೆ ಕೆಲಸ ನಡೆಯುವಾಗ ಕಾಂಟ್ರ್ಯಾಕ್ಟರ್ ಹತ್ತಿರ ಮಾತಾಡಿ ಒಂದು ಸಂಜೆ ಕರೆಸಿಕೊಳ್ಳುವುದೇ ದಾರಿ. ನಡುವೆ ಎರಡಿಂಚು ಉಬ್ಬು ಇರಲಿ, ನೀರು ಎರಡೂ ಬದಿಗೆ ಇಳಿಯಲಿ. ಚಿಕ್ಕಪ್ಪನ ಮನೆಯಂತೆ ಒಂದು ಕಡೆ ಧರೆ ಇದ್ದರೆ ಇಡೀ ದಾರಿಯನ್ನೇ ಧರೆಯ ಚರಂಡಿಯ ಕಡೆ ವಾಲಿಸಿ. ತೋಟದ ಕಡೆ ವಾಲಿಸಿದರೆ ಅಂಚು ಕೊರೆದು ದಾರಿಯೇ ತೋಟಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಕಾಂಕ್ರೀಟ್ ಹಾಕಿದ್ರಾಯ್ತಲ್ಲ ಅಂತ ಕೇಳುವವರಿದ್ದಾರೆ. ಹಾಕಿ, ಆದರೆ ಬೇಕಾದ ಕಡೆ ಮಾತ್ರ. ಎಂಟಡಿ ಹೋಗುವಷ್ಟರಲ್ಲಿ ಒಂದಡಿ ಏರುವಂಥ ಚಡಾವಿನಲ್ಲಿ ಜಲ್ಲಿ ನಿಲ್ಲುವುದಿಲ್ಲ. ಅಲ್ಲಿ ಚಕ್ರಕ್ಕೆ ಎರಡು ಕಾಂಕ್ರೀಟ್ ಪಟ್ಟಿ ಹಾಕಿಸಿ. ಉಳಿದ ಕಡೆ ನನ್ನ ಓಟು ಜಲ್ಲಿಗೇ. ತೋಟದ ಪೈಪು ಒಡೆದರೆ, ಬೋರಿನ ಕೇಬಲ್ ಸುಟ್ಟರೆ, ಹಾರೆ ಹಿಡಿದು ಅಗೆದು, ಅದೇ ಕಲ್ಲು ತುಂಬಿ ಗುದ್ದಿ ಮುಚ್ಚಬಹುದು. ಕಾಂಕ್ರೀಟಿನ ಅಡಿಯ ಮಣ್ಣು ಕೊಚ್ಚಿಹೋದರೆ ಅದು ಒಡೆಯುವವರೆಗೆ ಗೊತ್ತೇ ಆಗುವುದಿಲ್ಲ. (ಹಾಗೇ, ಜಲ್ಲಿ ಹಾಕುವ ಮೊದಲು ದಾರಿಗೆ ಅಡ್ಡಲಾಗಿ ಒಂದೆರಡು ಖಾಲಿ ಪಿವಿಸಿ ಪೈಪು ಹೂತಿಡಿ. ಮುಂದೆ ಯಾವ ವೈರ್ ಎಳೆಯಬೇಕಾದರೂ ನನ್ನ ನೆನಪು ಮಾಡಿಕೊಳ್ಳುತ್ತೀರಿ.) ಆದರೆ ಜಲ್ಲಿ ದಾರಿ ಮಳೆನೀರು ಇಂಗಿಸುತ್ತದೆ ಅಂತ ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ರೋಲರ್ ಹೊಡೆದ ವೆಟ್ ಮಿಕ್ಸ್ ನೀರನ್ನು ಬದಿಗೆ ದೂಡುತ್ತದೆ, ದೂಡಬೇಕು ಕೂಡ. ಇಂಗಿಸಬೇಕಿದ್ದರೆ ಚರಂಡಿಯ ಕೊನೆಯಲ್ಲಿ ಇಂಗುಗುಂಡಿ ಮಾಡಿ.

ವರ್ಷಾ ವರ್ಷ ಒಂದು ಲೋಡ್ ಸುರಿಯುವ ಅಭ್ಯಾಸಕ್ಕೆ ನನ್ನ ವಿರೋಧ ಬರೀ ದುಡ್ಡಿನದಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ಸಿಡಿದಾಗ ಭೂಕಂಪ ಅಂದುಕೊಂಡು ಜನ ಮನೆಯಿಂದ ಹೊರಗೆ ಓಡಿಬಂದಿದ್ದರು. ಮರು ತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಗಣಿಯ ಬಂಡೆ ಒಡೆಯಲು ಬಳಸುವ ಜಿಲೆಟಿನ್ ಸಿಡಿದು ಆರು ಜನ ಸತ್ತರು. ನಮ್ಮ ಅಂಗಳಕ್ಕೆ ಬಂದು ಬೀಳುವ ಜಲ್ಲಿ ಯಾವುದೋ ಊರಿನ ಗುಡ್ಡ. ಅದನ್ನು ಕೆಸರಿಗೆ ಹಾಕಿ ಮುಳುಗಿಸಿ, ಮತ್ತೆ ತರಿಸಿ, ಮತ್ತೆ ಮುಳುಗಿಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಈ ಸಲ ಮಾಡಿಸುವವರು ಏಪ್ರಿಲ್, ಮೇ ತನಕ ಕಾಯಬೇಡಿ. ಆಗ ಎಲ್ಲರಿಗೂ ಒಟ್ಟಿಗೇ ಜ್ಞಾನೋದಯವಾಗಿ ಟಿಪ್ಪರ್ ಸಿಗುವುದಿಲ್ಲ. ಅಡಿಕೆ ಕೊಯ್ಲು ಮುಗಿದ ಕೂಡಲೇ, ಫೆಬ್ರವರಿಯಲ್ಲಿ ನೆಲ ಗಟ್ಟಿ ಇರುವಾಗ ಶುರು ಮಾಡಿ. ಅರ್ಧ ಯೂನಿಟ್ ವೆಟ್ ಮಿಕ್ಸ್ ಕೊಟ್ಟಿಗೆ ಪಕ್ಕ ಉಳಿಸಿಟ್ಟುಕೊಳ್ಳಿ, ದೀಪಾವಳಿ ಹೊತ್ತಿಗೆ ಅಲ್ಲಲ್ಲಿ ಬಿದ್ದ ಗುಂಡಿ ಮುಚ್ಚಲು ಬೇಕಾಗುತ್ತದೆ. ಟಾರ್ಪಾಲು ಮುಚ್ಚಿಡಿ. ಇಲ್ಲದಿದ್ದರೆ ಪಕ್ಕದ ಮನೆಯವರು "ಒಂದೇ ಒಂದು ಬುಟ್ಟಿ" ಅಂತ ಶುರುಮಾಡಿ ಅವರ ಅಂಗಳವನ್ನೂ ಮುಗಿಸಿಕೊಂಡುಬಿಡುತ್ತಾರೆ.