ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣ ನಿಷೇಧ: ಬೇಕೇ, ಬೇಡವೇ?

ಪರ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಬೆಳಿಗ್ಗೆ ಏಳರ ಲೋಕಲ್ ರೈಲು ಹಿಡಿದು ಫೋರ್ಟ್‌ಗೆ ಹೋಗುವ ತಾಯಿ ಮನೆ ಸೇರುವಾಗ ರಾತ್ರಿ ಎಂಟು. ಶಾಲೆ ಬಿಟ್ಟ ಮೇಲೆ ಎಂಟನೆಯ ತರಗತಿಯ ಮಗಳಿಗೆ ಮೊಬೈಲೇ ಜೊತೆ. ‘ನಿಮ್ಮ ಮಕ್ಕಳನ್ನು ನೀವೇ ನೋಡಿಕೊಳ್ಳಿ’ ಎಂದು ಈ ತಾಯಿಗೆ ಬುದ್ಧಿ ಹೇಳುವವರು ಒಂದು ವಾರ ಅದೇ ಗಾಡಿಯಲ್ಲಿ ನಿಂತು ಹೋಗಿ ಬರಲಿ.

ಹಿಂದೆ ಕೀಟಲೆ ಶಾಲೆಯ ಗೇಟಿನ ಹೊರಗೆ ಬರುತ್ತಿದ್ದುದು ಕಡಿಮೆ. ಈಗ ಅದು ಹೊದಿಕೆಯೊಳಕ್ಕೂ ನುಗ್ಗುತ್ತದೆ. ಹುಡುಗಿಯೊಬ್ಬಳ ಹಿಂದಿಯಲ್ಲಿ ಕನ್ನಡದ ರಾಗವಿದೆ ಎಂದು ಅವಳ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿ, ಹಿಂದೊಂದು ಹಾಡು ಸೇರಿಸಿ ರೀಲ್ ಹಾಕಿದರೆ ಬೆಳಗಾಗುವುದರೊಳಗೆ ಟ್ಯೂಷನ್ನಿನವರೆಲ್ಲ ನೋಡಿರುತ್ತಾರೆ. ಮರುದಿನ ಅವಳಿಗೆ ಹೊಟ್ಟೆನೋವು. ಮನೆಯವರು ಓಮದ ಕಷಾಯ ಕುಡಿಸುತ್ತಾರೆ.

ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ (ಸರ್ಕಾರದ ಉನ್ನತ ಆರೋಗ್ಯಾಧಿಕಾರಿ) ಆಗಿದ್ದಾಗ, 2023ರಲ್ಲಿ, ಒಂದು ಎಚ್ಚರಿಕೆ ಪತ್ರ ಹೊರಡಿಸಿದರು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣದಲ್ಲಿರುವ ಹದಿಹರೆಯದವರಿಗೆ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಇಮ್ಮಡಿ ಎಂಬ ಮಾತು ಅದರಲ್ಲಿದೆ.

ಒಂದೇ ಮನೆ ಬೇಡವೆಂದರೆ ನಡೆಯುವುದಿಲ್ಲ. ‘ಎಲ್ಲರ ಬಳಿಯೂ ಇದೆ’ ಎಂದು ಮಗ ವಾದಕ್ಕೆ ನಿಂತರೆ ಅಪ್ಪನ ಬಾಯಿ ಕಟ್ಟಿತು. ಕಾನೂನಿದ್ದರೆ ಆ ಮಾತೇ ಏಳುವುದಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರ ಖಾತೆಗಳನ್ನು ನಿಷೇಧಿಸಿದೆ. ಅಲ್ಲಿ ದಂಡ ಬೀಳುವುದು ಮಕ್ಕಳಿಗಲ್ಲ, ಹೆತ್ತವರಿಗೂ ಅಲ್ಲ, ಕಂಪನಿಗಳಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ನಮ್ಮ 2023ರ ದತ್ತಾಂಶ ಕಾಯ್ದೆ 18ರ ಒಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆಯ ಕಥೆ ಗೊತ್ತಿದ್ದದ್ದೇ: ಮಗ ‘ಅಮ್ಮಾ, ಒಟಿಪಿ ಹೇಳು’ ಎನ್ನುತ್ತಾನೆ, ಅಮ್ಮ ಒಗ್ಗರಣೆಯಿಂದ ಕಣ್ಣು ತೆಗೆಯದೆ ಹೇಳಿಬಿಡುತ್ತಾಳೆ.

ವಿರೋಧ

ಆಸ್ಟ್ರೇಲಿಯಾದ ನಿಷೇಧದ ಪಟ್ಟಿಯಲ್ಲಿ ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಇವೆ; ವಾಟ್ಸ್‌ಆ್ಯಪ್ ಇಲ್ಲ. ನಮ್ಮ ಮಕ್ಕಳ ಬಹುಪಾಲು ರಂಪ ನಡೆಯುವುದು ಅಲ್ಲಿಯೇ. ಸಹಪಾಠಿಯ ಮುಖ ಕತ್ತರಿಸಿ ಸ್ಟಿಕರ್ ಮಾಡುವುದು, ಒಬ್ಬನನ್ನು ಮಾತ್ರ ಬಿಟ್ಟು ಹೊಸ ಗ್ರೂಪ್ ಕಟ್ಟುವುದು, ಇದಕ್ಕೆಲ್ಲ ಇನ್‌ಸ್ಟಾಗ್ರಾಂ ಬೇಕಿಲ್ಲ. ಆ ಗ್ರೂಪಿನಿಂದ ಹೊರಬರೋಣವೆಂದರೆ ಮನೆಗೆಲಸ ಬರುವುದೂ ಅದರಲ್ಲೇ.

ನಮ್ಮ ಸರ್ಕಾರ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧಿಸಿತು. ಹತ್ತು ದಿನ ಕಳೆಯುವ ಮೊದಲೇ ಇನ್‌ಸ್ಟಾಗ್ರಾಂ ರೀಲ್ಸ್ ಇಲ್ಲಿಗೆ ಬಂತು. ಅಂಗಡಿ ಬದಲಾಯಿತು, ಸರಕು ಅದೇ. ಇನ್ನು ವಯಸ್ಸು ಪರೀಕ್ಷಿಸುವ ಮಾತು. ಪರೇಲದ ಚಾಳಿನಲ್ಲಿ ಮನೆಗೊಂದೇ ಫೋನಿದ್ದು, ಅದು ಅಪ್ಪನ ಹೆಸರಿನಲ್ಲಿದ್ದರೆ ಯಂತ್ರಕ್ಕೆ ಕಾಣುವುದು ನಲವತ್ತು ದಾಟಿದ ಗಂಡಸು.

ನನಗೆ ನಿಜವಾಗಿ ಭಯವಿರುವುದು ಬೇರೆ ಕಡೆ. ಕದ್ದು ಖಾತೆ ತೆರೆದ ಹದಿನಾಲ್ಕರ ಹುಡುಗಿಗೆ ಯಾರೋ ‘ಫೋಟೊ ಹರಿಬಿಡುತ್ತೇನೆ’ ಎಂದು ಬೆದರಿಸಿದರೆ ಅವಳು ಯಾರಿಗೆ ಹೇಳಬೇಕು? ಇಂದು ಅಮ್ಮನ ಬೈಗುಳಕ್ಕಷ್ಟೇ ಅಂಜುತ್ತಾಳೆ. ನಾಳೆ, ದಂಡ ಕಂಪನಿಗೇ ಎಂದು ಎಷ್ಟು ಬಿಡಿಸಿ ಹೇಳಿದರೂ, ತಾನೇ ಕಾನೂನು ಮುರಿದವಳು ಎಂಬ ಅಳುಕೂ ಸೇರುತ್ತದೆ. ಬೆದರಿಸುವವನಿಗೆ ಬೇಕಾದದ್ದೇ ಆ ಮೌನ. ನಿಷೇಧ ಬೇಕೆನ್ನುವವರು ಇದಕ್ಕೆ ಉತ್ತರ ಕೊಡುವವರೆಗೆ ಅವರ ಉಳಿದ ವಾದಗಳೆಲ್ಲ ನನಗೆ ಅರೆಬೆಂದವೇ.

ವಿವೇಕ್ ಮೂರ್ತಿಯವರ ಪತ್ರವನ್ನೂ ಪೂರ್ತಿ ಓದಬೇಕು. ಒಂಟಿಯಾದ ಮಕ್ಕಳಿಗೆ ತಮ್ಮಂಥವರ ಬಳಗ ಸಿಗುವುದೂ ಜಾಲತಾಣದಲ್ಲಿಯೇ ಎಂದು ಅದು ಒಪ್ಪುತ್ತದೆ. ಆರು ಜನ ಮಲಗುವ ಒಂದೇ ಕೋಣೆಯ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಜಾಗವೆಂದರೆ ಆ ಪರದೆಯೊಂದೇ.

ಕಟ್ಟುಪಾಡು ಬೇಡವೆಂದಲ್ಲ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್‌ನಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿದರೆ ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್. ಊರೇ ಕೂತು ಮಾಡಿಕೊಂಡ ನಿಯಮವದು, ದೊಡ್ಡವರಿಗೂ ಅನ್ವಯ. ಮುಂಬಯಿಯ ಸೊಸೈಟಿಗಳು ಗಣಪತಿ ಚಂದಾ ಎತ್ತುವ ಉತ್ಸಾಹದ ಕಾಲುಭಾಗ ತೋರಿಸಿದರೆ ಇಲ್ಲಿಯೂ ಆಗುತ್ತದೆ.

ಸಹಾಯವಾಣಿಗಳೂ ಇವೆ: ಸೈಬರ್ ಅಪರಾಧಕ್ಕೆ 1930, ಮಕ್ಕಳಿಗೆ 1098, ಮನಸ್ಸು ಕುಸಿದಾಗ 14416. ಶಾಲೆಯ ಡೈರಿಯ ಮೊದಲ ಪುಟದಲ್ಲಿ ಶುಲ್ಕ ಕಟ್ಟುವ ಕೊನೆಯ ದಿನವಿರುತ್ತದೆ, ಸಮವಸ್ತ್ರ ಸಿಗುವ ಅಂಗಡಿಯ ವಿಳಾಸವಿರುತ್ತದೆ. ಅದರ ಕೆಳಗೆ ಈ ಮೂರು ಸಂಖ್ಯೆಗಳನ್ನು ಅಚ್ಚು ಹಾಕಿಸಲು ಸಂಸತ್ತಿನ ಒಪ್ಪಿಗೆ ಬೇಕಿಲ್ಲ.